ಮರೆಯಲೊಲ್ಲದ ಮೋಡೆಮ್

ವಿಲೆ ಪಾರ್ಲೆ ಪೂರ್ವದಲ್ಲಿ ನಾವಿರುವ ಕಟ್ಟಡಕ್ಕೆ ಇನ್ನೂ ಫೈಬರ್ ಬಂದಿಲ್ಲ. ರೀಡೆವಲಪ್‌ಮೆಂಟ್ ಮಾತು ನಾಲ್ಕು ವರ್ಷದಿಂದ ನಡೆದೇ ಇದೆ. ಹೇಗೂ ಕೆಡವುವ ಮನೆ, ಹೊಸ ವಯರ್ ಯಾಕೆ ಎಂದು ಸೊಸೈಟಿಯವರು ಯಾವ ಕಂಪನಿಗೂ ಒಪ್ಪಿಗೆ ಕೊಡುತ್ತಿಲ್ಲ. ಹಾಗಾಗಿ ನಮಗೆಲ್ಲ ಇಂಟರ್ನೆಟ್ ಬರುವುದು ಟೀವಿ ಕೇಬಲ್ಲಿನಲ್ಲೇ, ಟೆರೇಸಿನಿಂದ ಟೆರೇಸಿಗೆ ಜೋತು ಬಿದ್ದಿರುವ ಅದೇ ಕಪ್ಪು ವಯರಿನಲ್ಲಿ.

ಮೂರನೇ ಮಹಡಿಯ ರಾಯರು ಹೋದ ಶನಿವಾರ ಲಿಫ್ಟಿನ ಹತ್ತಿರ ಸಿಕ್ಕರು. ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಹದಿನೆಂಟು ವರ್ಷವಾಯಿತು, ಹೆಂಡತಿ ಹೋದ ಮೇಲೆ ಒಬ್ಬರೇ ಇದ್ದಾರೆ. ಮಗಳ ಸಂಸಾರ ಮೆಲ್ಬರ್ನ್‌ನಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಏಳು ವರ್ಷದ ಮೊಮ್ಮಗಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಪಾಠ. ಇವರು ಸ್ಲೇಟಿನಲ್ಲಿ ಬರೆದು ಕ್ಯಾಮೆರಾಗೆ ಹಿಡಿಯುತ್ತಾರೆ, ಅವಳು ಓದುತ್ತಾಳೆ. ಕಾಗುಣಿತ ಮುಗಿದು ಒತ್ತಕ್ಷರ ಶುರುವಾಗಿತ್ತು.

"ಮೂರು ವಾರ ಆಯ್ತು ಮಾರಾಯ್ರೇ, ನೆಟ್ ಇಲ್ಲ. ಹೊಸ ರೂಟರ್ ತಂದೆ, ಅದೂ ಇಲ್ಲ. ಮಗಳು ಹೇಳ್ತಾಳೆ, ಹೀಗೇ ಆದ್ರೆ ಭಾನುವಾರ ಅವಳನ್ನು ಈಜಿನ ಕ್ಲಾಸಿಗೆ ಹಾಕ್ತೇನೆ ಅಂತ."

ಫೋನಿನಲ್ಲಿ ಮಾಡಬಹುದಲ್ಲ ಎಂದೆ. ಕಣ್ಣಿನ ಆಪರೇಷನ್ ಆದ ಮೇಲೆ ಅಷ್ಟು ಚಿಕ್ಕ ಪರದೆಯಲ್ಲಿ ಮಗುವಿನ ಅಕ್ಷರ ಕಾಣುವುದಿಲ್ಲವಂತೆ.

ಮಾರನೆಯ ದಿನ ಎಂಟೂವರೆಗೇ ಹೋದೆ. ನಡೆದದ್ದಿಷ್ಟು. ಮಳೆಗೆ ಕಿಟಕಿಯ ಹೊರಗಿನ ಕನೆಕ್ಟರಿನೊಳಗೆ ನೀರು ಹೋಗಿ ಲೈನ್ ಕೆಟ್ಟಿತ್ತು. ಆಪರೇಟರ್ ಕಡೆಯ ಹುಡುಗ ಬಂದು ಕನೆಕ್ಟರ್ ಬದಲಿಸಿದ. ರಾಯರ ರೂಟರಿನ ವಯರ್ ಕಿತ್ತು, ತನ್ನ ಲ್ಯಾಪ್‌ಟಾಪನ್ನು ನೇರ ಮೋಡೆಮ್‌ಗೆ ಸಿಕ್ಕಿಸಿ, ನೆಟ್ ಬಂದದ್ದನ್ನು ತೋರಿಸಿದ. ಮತ್ತೆ ರೂಟರ್ ಸಿಕ್ಕಿಸಿದರೆ ಬರಲಿಲ್ಲ. "ನಮ್ಮ ಲೈನ್ ಸರಿ ಇದೆ ಅಂಕಲ್, ನಿಮ್ಮ ರೂಟರ್ ಹೋಗಿದೆ" ಎಂದು ಹೊರಟುಹೋದ. ರಾಯರು 2,200 ರೂಪಾಯಿ ಕೊಟ್ಟು ಹೊಸದು ತಂದರು.

ಹುಡುಗ ಲೈನ್ ಸರಿಮಾಡಿದ್ದು ನಿಜ. ಆದರೆ ಹೋಗುವಾಗ ಮೋಡೆಮ್‌ಗೆ ತನ್ನ ಲ್ಯಾಪ್‌ಟಾಪಿನ ನೆನಪು ಬಿಟ್ಟು ಹೋಗಿದ್ದ.

ನೆಟ್‌ವರ್ಕಿಗೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಮ್ಯಾಕ್ ಅಡ್ರೆಸ್ ಎಂಬ 48 ಬಿಟ್‌ಗಳ ಗುರುತಿದೆ. ರೂಟರಿನ ಅಡಿಯ ಚೀಟಿಯಲ್ಲಿ 12 ಅಂಕಿ-ಅಕ್ಷರಗಳಾಗಿ ಅಚ್ಚಾಗಿರುತ್ತದೆ. ಮನೆಯ ಕೇಬಲ್ ಮೋಡೆಮ್‌ಗೆ ಸಾಮಾನ್ಯವಾಗಿ ಒಂದೇ ಯಂತ್ರದ ಅನುಮತಿ. ಅದು ಆನ್ ಆದ ಮೇಲೆ ಮೊದಲು ಯಾರ ಮುಖ ಕಂಡಿತೋ ಅವರೇ ಮನೆಯವರು. ಆಮೇಲೆ ಬಂದವರು ಎಷ್ಟೇ ಬಾಗಿಲು ಬಡಿದರೂ ಐಪಿ ಅಡ್ರೆಸ್ ಸಿಗದು. ಹೊಸ ರೂಟರಿನ ಸ್ಟೇಟಸ್ ಪುಟ ತೆರೆದು ನೋಡಿದೆ. ವ್ಯಾನ್ ಐಪಿ ಇರಬೇಕಾದಲ್ಲಿ 0.0.0.0. ಕಂಪ್ಯೂಟರನ್ನೇ ನೇರ ಮೋಡೆಮ್‌ಗೆ ಹಾಕಿದ್ದರೂ ಇದೇ ಕತೆ. ಈ ಕಾಯಿಲೆಗೆ ಮದ್ದು ಒಂದೇ, ಮೋಡೆಮ್‌ನ ಕರೆಂಟ್ ತೆಗೆಯುವುದು. ಮತ್ತೆ ಆನ್ ಆದಾಗ ಅದು ಹಳೆಯದನ್ನು ಮರೆತಿರುತ್ತದೆ.

"ಅದನ್ನು ದಿನಾ ಮಾಡಿದ್ದೇನೆ, ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ದೇನೆ" ಎಂದರು ರಾಯರು, ಸ್ವಲ್ಪ ಸಿಟ್ಟಿನಿಂದಲೇ. ಮಾಡಿ ತೋರಿಸಿ ಎಂದೆ. ಗೋಡೆಯ ಸ್ವಿಚ್ ಒತ್ತಿದರು. ಮೇಜಿನ ಕೆಳಗಿನಿಂದ ಕುಂಯ್ ಕುಂಯ್ ಎಂದು ಸದ್ದು. ಮಗಳ ಕಾಲೇಜು ದಿನಗಳ ಯುಪಿಎಸ್! ಕಂಪ್ಯೂಟರ್, ಮೋಡೆಮ್ ಎಲ್ಲ ಅದಕ್ಕೇ ಸೇರಿವೆ. ಆ ಕೂಗನ್ನು ರಾಯರು ಆಫ್ ಆದ ಸೂಚನೆ ಎಂದುಕೊಂಡಿದ್ದರು. ಮೋಡೆಮ್‌ನ ದೀಪಗಳು ಒಂದು ಕ್ಷಣವೂ ಆರಿರಲಿಲ್ಲ. ಕರೆಂಟ್ ಹೋಗುವುದೇ ಅಪರೂಪವಾದ ಈ ಊರಿನಲ್ಲಿ ಯುಪಿಎಸ್ ಮಾಡಿದ ಏಕೈಕ ಕೆಲಸ, ಮೂರು ವಾರ ಆ ಹುಡುಗನ ಲ್ಯಾಪ್‌ಟಾಪನ್ನು ಜೋಪಾನವಾಗಿ ನೆನಪಿಟ್ಟುಕೊಂಡದ್ದು.

ಸರಿ, ಮೂರನ್ನೂ ಆಫ್ ಮಾಡಿದೆವು. ಮೋಡೆಮ್‌ನ ಪವರ್ ವಯರನ್ನೇ ಕಿತ್ತು ಎರಡು ನಿಮಿಷ ಬಿಟ್ಟೆವು. ಮೋಡೆಮ್‌ನಿಂದ ಬರುವ ವಯರನ್ನು ರೂಟರಿನ ವ್ಯಾನ್ ಕಿಂಡಿಗೆ ಹಾಕಿದೆ (ಅದೊಂದು ಬೇರೆ ಬಣ್ಣದ್ದಿರುತ್ತದೆ, ಉಳಿದ ನಾಲ್ಕರಲ್ಲಿ ಹಾಕಿ ಗಂಟೆಗಟ್ಟಲೆ ಒದ್ದಾಡಿದ ಇಂಜಿನಿಯರುಗಳು ನನಗೆ ಗೊತ್ತು, ಒಬ್ಬ ನಾನೇ). ಕಂಪ್ಯೂಟರಿಗೆ ಉಳಿದ ನಾಲ್ಕರಲ್ಲೊಂದು. ಮೊದಲು ಮೋಡೆಮ್ ಆನ್. ಅದರ ದೀಪಗಳು ಮಿನುಗುವುದು ನಿಂತು ಸ್ಥಿರವಾಗುವ ತನಕ ಕಾಯಬೇಕು, ಅಲ್ಲೇ ಎಲ್ಲರೂ ಅವಸರ ಮಾಡುವುದು. ಆಮೇಲೆ ರೂಟರ್, ಕೊನೆಗೆ ಕಂಪ್ಯೂಟರ್. ನೆಟ್ ಬಂತು. ಹಳೆಯ ರೂಟರ್ ಹಾಕಿ ಇದನ್ನೇ ಮಾಡಿದೆ, ಅದರಲ್ಲೂ ಬಂತು. ರಾಯರು ಒಂದೂ ಮಾತಾಡದೆ ಹೊಸದರ ಬಿಲ್ ಹುಡುಕತೊಡಗಿದರು.

ಕೆಲವು ಆಪರೇಟರುಗಳು ಮ್ಯಾಕ್ ಅಡ್ರೆಸ್ಸನ್ನು ತಮ್ಮ ಆಫೀಸಿನಲ್ಲೇ ಬರೆದಿಟ್ಟಿರುತ್ತಾರೆ. ಅಲ್ಲಿ ಕರೆಂಟ್ ತೆಗೆದರೂ ಫಲವಿಲ್ಲ. ಫೋನ್ ಮಾಡಿ ಹೊಸದನ್ನು ಸೇರಿಸಿಕೊಳ್ಳಲು ಹೇಳಬೇಕು, ಇಲ್ಲವೇ ರೂಟರಿನ ಸೆಟ್ಟಿಂಗಿನಲ್ಲಿ ಮ್ಯಾಕ್ ಕ್ಲೋನ್ ಎಂಬಲ್ಲಿ ಹಳೆಯ ಯಂತ್ರದ ಅಡ್ರೆಸ್ ತುಂಬಬೇಕು.

ಒಂಬತ್ತೂವರೆಗೆ ಮಗಳಿಗೆ ಒಂದು ಟ್ರಯಲ್ ಕಾಲ್ ಮಾಡಿದೆವು. ಅವಳು ನಮಗೆ ಚೆನ್ನಾಗಿ ಕಾಣುತ್ತಿದ್ದಾಳೆ, ಅವಳಿಗೆ ಮಾತ್ರ ಅಪ್ಪ ಬಾಯಿ ತೆರೆದಲ್ಲೇ ಕಲ್ಲಾಗುತ್ತಿದ್ದಾರೆ. ಹಿಂದೆಯೂ ಹೀಗೇ ಆಗುತ್ತಿತ್ತಂತೆ.

ಇದಕ್ಕೆ ಕಾರಣ ಆ ಕಪ್ಪು ವಯರಿನ ಹುಟ್ಟಿನಲ್ಲೇ ಇದೆ. 1991ರ ಕೊಲ್ಲಿ ಯುದ್ಧದ ಆಸುಪಾಸು ಮುಂಬೈಯ ಟೆರೇಸುಗಳ ಮೇಲೆ ಕೇಬಲ್ ಹಬ್ಬಿದ್ದು ಟೀವಿ ನೋಡಲಿಕ್ಕೆ. ಮನೆಯಿಂದ ಯಾರೂ ಏನನ್ನೂ ವಾಪಸ್ ಕಳಿಸಬೇಕಿರಲಿಲ್ಲ. ಅಂಥ ವಯರಿನಲ್ಲಿ ಎರಡೂ ಕಡೆ ಮಾತಾಡುವ ಡಾಕ್ಸಿಸ್ ಎಂಬ ಕ್ರಮ ಬಂದದ್ದು 1997ರಲ್ಲಿ. ವಾಪಸ್ ದಾರಿಗೆ ಸಿಕ್ಕಿದ್ದು ತೀರ ಕೆಳಗಿನ ಕಿರಿದಾದ ಪಟ್ಟಿ, ಸಾಮಾನ್ಯವಾಗಿ 5ರಿಂದ 65 ಮೆಗಾಹರ್ಟ್ಜ್‌ನೊಳಗೆ. ಮಿಕ್ಸಿ, ಸಡಿಲ ಕನೆಕ್ಟರ್, ಎಲ್ಲದರ ಗಲಾಟೆಯೂ ಅಲ್ಲಿಗೇ ನುಗ್ಗುತ್ತದೆ.

ಬ್ರೌಸರಿನಲ್ಲಿ 192.168.100.1 ಎಂದು ಹೊಡೆದರೆ ಬಹಳಷ್ಟು ಕೇಬಲ್ ಮೋಡೆಮ್‌ಗಳು ತಮ್ಮ ಆರೋಗ್ಯ ತೋರಿಸುತ್ತವೆ. ರಾಯರ ಮೋಡೆಮ್ ಅಪ್‌ಸ್ಟ್ರೀಮಿನಲ್ಲಿ 53 ಡಿಬಿಎಂವಿಯಲ್ಲಿತ್ತು, ಅಂದರೆ ಗಂಟಲು ಹರಿಯುವಂತೆ ಕೂಗುತ್ತಿತ್ತು. ವಯರ್ ಹಿಡಿದು ಹೊರಟರೆ ಟೀವಿಯ ಹಿಂದೆ ಎರಡು ಸ್ಪ್ಲಿಟರ್, ಒಂದರ ಹಿಂದೊಂದು. ಸೆಟ್‌ಟಾಪ್ ಬಾಕ್ಸಿಗೆ ಒಂದು ಬೇಕು. ಇನ್ನೊಂದು ರಾಯರ ಹೆಂಡತಿ ಮಲಗುವ ಕೋಣೆಯಲ್ಲಿ ನೋಡುತ್ತಿದ್ದ ಟೀವಿಗೆ ಹಾಕಿಸಿದ್ದು. ಆ ಟೀವಿಯನ್ನು ಕೊಟ್ಟು ಐದು ವರ್ಷವಾಗಿದೆ. ಇಬ್ಬರಿಗೆ ಹಂಚುವ ಒಂದೊಂದು ಸ್ಪ್ಲಿಟರೂ ಅರ್ಧಕ್ಕಿಂತ ಹೆಚ್ಚು ಶಕ್ತಿ ತಿನ್ನುತ್ತದೆ, ಸುಮಾರು 3.5 ಡೆಸಿಬೆಲ್. ತೆಗೆಯಲೇ ಎಂದು ಕೇಳಿದೆ. ರಾಯರು ಸ್ವಲ್ಪ ಹೊತ್ತು ಅದನ್ನೇ ನೋಡಿ, "ತೆಗೀರಿ" ಎಂದರು. 53 ಇದ್ದದ್ದು 49ಕ್ಕೆ ಇಳಿಯಿತು. ಕಿಟಕಿಯ ಹೊರಗೆ ವಯರನ್ನು ಒಳಬರುವ ಮೊದಲು ಒಂದು ಗೇಣು ಕೆಳಕ್ಕೆ ಜೋಲು ಬಿಟ್ಟು ಕಟ್ಟಿದೆ. ಮಳೆನೀರು ಕನೆಕ್ಟರಿಗೆ ಹರಿಯದೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಅಷ್ಟರಲ್ಲಿ ರಾಯರು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮೋಡೆಮ್‌ಗೆ ಅಂಟಿಸಿದರು: "ಪವರ್ ವಯರ್ ಕೀಳಬೇಕು. ಸ್ವಿಚ್ ಸಾಲದು."

ಸರಿಯಾಗಿ ಹತ್ತಕ್ಕೆ ಮೊಮ್ಮಗಳು ಬಂದಳು. ಸ್ಲೇಟ್ ಎತ್ತುವ ಮೊದಲೇ ಹಿಂದಿನ ಚೀಟಿ ಅವಳ ಕಣ್ಣಿಗೆ ಬಿತ್ತು. ಹತ್ತಿರ ಹಿಡಿ ಎಂದಳು. ರಾಯರು ಮೋಡೆಮ್ ಎತ್ತಲು ಹೋದರು, ನಾನು ಗಾಬರಿಯಿಂದ ಚೀಟಿಯನ್ನಷ್ಟೇ ಕಿತ್ತು ಕೊಟ್ಟೆ. ಮೊದಲ ಸಾಲನ್ನು ಬೆರಳಿಟ್ಟು ಓದಿದಳು. ಎರಡನೆಯದರಲ್ಲಿ ನಿಂತಳು.

"ಸ... ಸಿ... ಅಜ್ಜ, ಕೆಳಗೆ ಇರೋದು ಏನು?"

"ಅದು ವ ಒತ್ತು ಮಗಾ" ಎಂದು ರಾಯರು ಸ್ಲೇಟ್ ಎತ್ತಿಕೊಂಡರು.