ಬೊಂಬೆಯ ರಾಕ್ಷಸನೂ ಬಂಡವಾಳದ ರಾಕ್ಷಸನೂ

ಜಪಾನಿನ ಟೆಲಿವಿಷನ್ನಿನಲ್ಲಿ ಅರವತ್ತು ವರ್ಷಗಳಿಂದ ಒಂದೇ ಕಾಳಗ ನಡೆದಿದೆ. ಮಹಾಮೃಗವೊಂದು ಬಂದು ಊರನ್ನು ತುಳಿಯುತ್ತದೆ. ಮುಗಿಲೆತ್ತರದ ವೀರ ಬಂದು ಅದನ್ನು ಕೊಲ್ಲುತ್ತಾನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. "ಮಕ್ಕಳ ಆಟದಲ್ಲಿ ಸಮಾಜವಾದಿಗಳಿಗೇನು ಕೆಲಸ?" ಎಂದು ಕೇಳುವ ಮಹನೀಯರುಂಟು. ಕೆಲಸವಿದೆ. ಕಾಳಗ ಮುಗಿದ ಮೇಲೆ ಗಲ್ಲಾಪೆಟ್ಟಿಗೆ ಯಾರ ಕೈಯಲ್ಲಿದೆಯೆಂದು ನೋಡುವುದೇ ನಮ್ಮ ಕೆಲಸ.

ಈ ಮೃಗ ಹುಟ್ಟಿದ್ದು ಆಟಕ್ಕಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬು ಸಿಡಿಸಿತು. ವಿಷಬೂದಿ ಜಪಾನಿನ ಮೀನುದೋಣಿಯೊಂದರ 23 ಮಂದಿ ದುಡಿಮೆಗಾರರ ಮೇಲೆ ಸುರಿಯಿತು. ಸೆಪ್ಟೆಂಬರಿನಲ್ಲಿ ಅವರಲ್ಲೊಬ್ಬ ಸತ್ತ. ನವೆಂಬರಿನಲ್ಲಿ ತೋಹೋ ಕಂಪೆನಿಯ 'ಗಾಡ್ಜಿಲ್ಲಾ' ಬಂತು. ಬಾಂಬಿನ ಪರೀಕ್ಷೆ ಕೆಣಕಿದ ಮೃಗ ಟೋಕಿಯೋವನ್ನು ಸುಡುವ ಕಥೆ ಅದು. ಹಿರೋಷಿಮಾ ಕಂಡ ಜನರ ಸಂಕಟವೇ ಆ ರೂಪ ತಾಳಿತ್ತು.

ಆ ತೋಹೋ ಸ್ಟುಡಿಯೋದ ಇನ್ನೊಂದು ಕಥೆಯನ್ನು ಕಾರ್ಮಿಕ ಬಂಧುಗಳು ಕೇಳಬೇಕು. 1948ರಲ್ಲಿ ಕೆಲಸದಿಂದ ತೆಗೆದುದನ್ನು ವಿರೋಧಿಸಿ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿ ಸ್ಟುಡಿಯೋದೊಳಗೇ ಕುಳಿತರು. ಆಗಸ್ಟಿನಲ್ಲಿ ಅವರನ್ನು ಹೊರದಬ್ಬಲು ಸುಮಾರು ಎರಡು ಸಾವಿರ ಪೊಲೀಸರು ಬಂದರು. ಬೆನ್ನಿಗೆ ಅಮೆರಿಕದ ಟ್ಯಾಂಕುಗಳೂ ವಿಮಾನಗಳೂ ಬಂದವು. ತೆರೆಯ ಮೇಲಿನ ಮೃಗಕ್ಕಿಂತ ಆರು ವರ್ಷ ಮೊದಲೇ ನಿಜವಾದ ಮೃಗ ಸ್ಟುಡಿಯೋದ ಬಾಗಿಲಿಗೆ ಬಂದಿತ್ತು!

1966ರಲ್ಲಿ ತ್ಸುಬುರಾಯಾ ಎಯ್‌ಜಿಯವರ ಕಂಪೆನಿ 'ಅಲ್ಟ್ರಾಮ್ಯಾನ್' ತಂದಿತು. ಅದರಲ್ಲೂ ನ್ಯಾಯದ ಮಾತಿತ್ತು. ತನ್ನ ಸರ್ಕಾರ ಬೇರೆ ಗ್ರಹದಲ್ಲಿ ಕೈಬಿಟ್ಟ ಗಗನಯಾತ್ರಿಯೊಬ್ಬ ಮೃಗವಾಗಿ ಮರಳಿ ಬಂದು ಸಾಯುವ ಕಂತನ್ನು ನೋಡಿದ ಮಗು, ತಪ್ಪು ಯಾರದೆಂದು ಕೇಳದಿರದು. ಆದರೆ ಲಾಭಕೋರರಿಗೆ ಪ್ರಶ್ನೆ ಕೇಳುವ ಮಗು ಬೇಡ. ಕಾಸು ಕೇಳುವ ಮಗು ಬೇಕು.

1971ರಲ್ಲಿ 'ಕಾಮೆನ್ ರೈಡರ್' ಶುರುವಾಯಿತು. ಕ್ಯಾಲ್ಬಿ ಕಂಪೆನಿ 20 ಯೆನ್ನಿನ ತಿಂಡಿಪೊಟ್ಟಣದ ಜೊತೆಗೆ ವೀರನ ಚಿತ್ರದ ಕಾರ್ಡು ಕೊಟ್ಟಿತು. ಮಕ್ಕಳು ಕಾರ್ಡು ಇಟ್ಟುಕೊಂಡು ತಿಂಡಿಯನ್ನು ಬೀದಿಗೆ ಎಸೆದರು. ತಿನ್ನುವ ವಸ್ತುವನ್ನು ಎಸೆಯಲು ಮಗುವಿಗೆ ಕಲಿಸಿದ ವ್ಯಾಪಾರವನ್ನು ಏನೆಂದು ಕರೆಯೋಣ? 2000ದಿಂದೀಚೆಗೆ ವರ್ಷಕ್ಕೊಬ್ಬ ಹೊಸ ರೈಡರ್, ವರ್ಷಕ್ಕೊಂದು ಹೊಸ ಬೆಲ್ಟು. 2010ರ ವೀರನ ಶಕ್ತಿಯೆಲ್ಲ ಪದಕಗಳಲ್ಲಿತ್ತು. ಆ ಪದಕಗಳನ್ನು ಕೆಲವು ಪೆಟ್ಟಿಗೆಯಲ್ಲಿ, ಕೆಲವು ಮಿಠಾಯಿಯ ಜೊತೆಗೆ, ಕೆಲವು ನಾಣ್ಯ ಹಾಕುವ ಯಂತ್ರದಲ್ಲಿ ಹಂಚಿ ಮಾರಿದರು. ಒಂದೇ ಕಡೆ ಕೊಂಡರೆ ಗೊಂಚಲು ಪೂರ್ತಿಯಾಗಕೂಡದಲ್ಲ! ಅದೇ ವರ್ಷ ತ್ಸುಬುರಾಯಾ ಕಂಪೆನಿಯ ಹೆಚ್ಚಿನ ಪಾಲನ್ನು ಕೊಂಡದ್ದು ಪಚಿಂಕೊ ಎಂಬ ಜೂಜುಯಂತ್ರಗಳ ವ್ಯಾಪಾರಿ ಫೀಲ್ಡ್ಸ್. ಜೂಜಿನವನಿಗೂ ಮಕ್ಕಳ ವೀರನಿಗೂ ನೆಂಟಸ್ತಿಕೆ ಬೆಳೆಯಿತು.

ಸಣ್ಣ ವ್ಯಾಪಾರಿಗಳು ಯೋಚಿಸಲಿ. ವರ್ಷಕ್ಕೊಮ್ಮೆ ವೀರ ಬದಲಾದರೆ, ಉಳಿದ ಹಳೆಯ ಮಾಲು ಯಾರ ಅಂಗಡಿಯಲ್ಲಿ ಧೂಳು ತಿನ್ನುತ್ತದೆ? ಕಂಪೆನಿಯ ಉಗ್ರಾಣದಲ್ಲೇನೂ ಅಲ್ಲ. ಇದು ಜಪಾನಿಗೆ ನಿಂತ ಮಾತೂ ಅಲ್ಲ. 1993ರಲ್ಲಿ ಅಮೆರಿಕದವರು ಜಪಾನೀ ಕಾಳಗದ ದೃಶ್ಯಗಳಿಗೆ ತಮ್ಮ ನಟರನ್ನು ಸೇರಿಸಿ 'ಪವರ್ ರೇಂಜರ್ಸ್' ಮಾಡಿದರು. ಬೊಂಬೆಗಳು ರಾಶಿರಾಶಿಯಾಗಿ ಮಾರಿದುವು. ಆದರೆ ಕೂಲಿಯ ತಕರಾರಿನಿಂದ ಮೂವರು ಮುಖ್ಯ ನಟರು 1994ರಲ್ಲಿ ಹೊರಬಿದ್ದರು. ಆ ಸರಕು ನಮ್ಮ ದೇಶದ ಟೆಲಿವಿಷನ್ನಿಗೂ ಬಂತು.

ಮಗುವಿನ ಕೈಯಿಂದ ಬೊಂಬೆ ಕಸಿಯಬೇಕೆಂದು ನಾವು ಹೇಳುತ್ತಿಲ್ಲ. ಕಥೆ ಬೇಕು, ವೀರನೂ ಬೇಕು. ಕಥೆಯ ವೇಷದಲ್ಲಿ ಬರುವ ಜಾಹೀರಾತು ಬೇಡ. ಸ್ವೀಡನ್ನಿನಲ್ಲಿ 12 ವರ್ಷದೊಳಗಿನ ಮಕ್ಕಳನ್ನು ಗುರಿಯಿಟ್ಟ ಟೆಲಿವಿಷನ್ ಜಾಹೀರಾತಿಗೆ ಕಾನೂನಿನ ತಡೆಯಿದೆ. ಅಂಥ ಕಾನೂನು ಇಲ್ಲೂ ಆಗಲೆಂದು ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಠರಾವು ಮಾಡಲಿ. ವಾರ್ಡಿಗೊಂದು ಮಕ್ಕಳ ವಾಚನಾಲಯ, ಒಂದು ಆಟದ ಬಯಲು ಕೊಡಿರೆಂದು ಪುರಸಭೆಯನ್ನು ಒತ್ತಾಯಿಸಲಿ. ಅಲ್ಟ್ರಾಮ್ಯಾನ್ ಭೂಮಿಯ ಮೇಲೆ ಮೂರೇ ನಿಮಿಷ ನಿಲ್ಲಬಲ್ಲ. ಸಂಘಟಿತ ಜನರಿಗೆ ಅಂಥ ಗಡುವಿಲ್ಲ.