ತವರಿನ ಕಂಬಳಿ

ಕಮಲಾಪುರದ ತವರಿನಿಂದ ಅತ್ತೆ ತಂದಿದ್ದ ಕರಿಯ ಕಂಬಳಿ ಕಲಬುರಗಿಯ ಮನೆಯೊಂದರಲ್ಲಿ ಬಹುಕಾಲ ನೆಲಹಾಸಾಗಿತ್ತು. ಎರೆಮಣ್ಣಿನ ಧೂಳು ಹೋಗಲೆಂದು ಸೊಸೆ ಅದನ್ನು ಕುದಿನೀರಿನಲ್ಲಿ ನೆನೆಸಿ, ಕುಕ್ಕಿ ಒಗೆದಳು. ಕಂಬಳಿ ಕುಗ್ಗಿ ಹಲಗೆಯಂತಾಯಿತು.

ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಹುರುಪೆಗಳಿರುತ್ತವೆ. ಬಿಸಿನೀರೂ ತಿಕ್ಕಾಟವೂ ಕೂಡಿದರೆ ಅವು ಒಂದಕ್ಕೊಂದು ತೊಡರಿಕೊಳ್ಳುತ್ತವೆ, ಮರಳಿ ಬಿಡಿಸಲು ಬಾರವು. ಹತ್ತಿಯ ನೂಲಿಗೆ ಹುರುಪೆಯಿಲ್ಲ. ಆದುದರಿಂದ ನವಲಗುಂದದ ಜಮಖಾನೆಗೆ ಈ ಗಂಡಾಂತರವಿಲ್ಲ.

ಕಂಬಳಿಯನ್ನು ಮೊದಲು ಕೊಡವಿ, ಹಿಮ್ಮೈಯನ್ನು ಕೋಲಿನಿಂದ ಬಡಿಯಬೇಕು. ಒಗೆಯಲೇಬೇಕಾದರೆ ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ಮೆಲ್ಲನೆ ಅದುಮಿ, ಹಿಂಡದೆ, ನೆರಳಿನಲ್ಲಿ ಹರಡಬೇಕು. 40 ಡಿಗ್ರಿ ಮೀರುವ ಕಲಬುರಗಿಯ ಬೇಸಗೆಯಲ್ಲಿ ನೆರಳೇ ಸಾಕು.

ಅತ್ತೆ ಸೊಸೆಯನ್ನು ಗದರಲಿಲ್ಲ. ಗಟ್ಟಿಯಾದ ಕಂಬಳಿಯನ್ನು ಕತ್ತರಿಸಿ ಮೊಮ್ಮಕ್ಕಳಿಗೆ ಊಟದ ಆಸನಗಳನ್ನು ಮಾಡಿದರು. ಅಂಚಿನ ಎಳೆ ಒಂದೂ ಬಿಚ್ಚಲಿಲ್ಲ.