ಸಾರಾಂಶ ಗೊತ್ತು, ಧಾಟಿ ಗೊತ್ತಾ?

ಬೆಳಿಗ್ಗೆ ಒಂಬತ್ತಕ್ಕೆ ಕಣ್ಣುಜ್ಜಿಕೊಂಡು ಎದ್ದು ಬಂದ ಮಗನನ್ನು ನೋಡಿ ಅಮ್ಮ, ‘ಓಹೋ, ಸಾಹೇಬ್ರಿಗೆ ಈಗ ಬೆಳಗಾಯ್ತಾ? ಕಾಫಿ ರೂಮಿಗೇ ತಂದು ಕೊಡ್ಲಾ?’ ಎಂದರೆ ಅದು ಮರ್ಯಾದೆ ಅಲ್ಲ ಅಂತ ಯಾವ ಮಗನಿಗೂ ಬಿಡಿಸಿ ಹೇಳಬೇಕಿಲ್ಲ. ದಿನವೂ ‘ಏನೋ’ ಅನ್ನುವ ಅಮ್ಮ ದಿಢೀರನೆ ಬಹುವಚನಕ್ಕೆ ಹೊರಳಿದರೆ ಬೈಗುಳ ಹೊಸ್ತಿಲಲ್ಲೇ ನಿಂತಿದೆ ಎಂದರ್ಥ. ನಿಘಂಟಿನಲ್ಲಿ ‘ಸಾಹೇಬ’ ಎಂಬ ಪದಕ್ಕೆ ಅರ್ಥ ಹುಡುಕಿದರೆ ಇದು ಸಿಗುವುದಿಲ್ಲ. ಮಾತಿನ ಅರ್ಥ ಒಂದು, ಅದನ್ನು ಆಡಿದ ಧಾಟಿ ಇನ್ನೊಂದು.

ಈ ಧಾಟಿಯನ್ನು ಗುರುತಿಸಲು ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ಕೊಂಕು, ಕುಟುಕು, ಅಣಕ, ಮೂದಲಿಕೆ, ಗದರಿಕೆ, ಗೋಗರೆತ, ಪುಸಲಾವಣೆ, ಕುಹಕ. ಇವು ಯಾವುವೂ ಏನು ಹೇಳಿದರು ಎಂಬುದರ ಹೆಸರುಗಳಲ್ಲ, ಹೇಗೆ ಹೇಳಿದರು ಎಂಬುದರ ಹೆಸರುಗಳು. ಇಂಗ್ಲಿಷ್ ಪಾಠದಲ್ಲಿ ‘ಟೋನ್’ ಎನ್ನುವುದು ಇದನ್ನೇ. ಹಳೆಯ ಕಾವ್ಯಮೀಮಾಂಸೆಯಲ್ಲಿ ‘ಕಾಕು’ ಎಂಬ ಮಾತೂ ಇದೆ: ಪದಗಳು ಅವೇ ಇದ್ದು, ಸ್ವರ ಬದಲಾದ ಮಾತ್ರಕ್ಕೆ ಅರ್ಥ ತಿರುಗುಮುರುಗಾಗುವುದು.

ನಮ್ಮ ತಲೆಮಾರಿಗೆ ಈ ಕಿವಿ ಇಲ್ಲ ಎಂದೂ ಹೇಳುವ ಹಾಗಿಲ್ಲ. ಗೆಳತಿ ವಾಟ್ಸ್‌ಆ್ಯಪ್‌ನಲ್ಲಿ ‘ಸರಿ’ ಎಂದು ಕಳಿಸಿದ್ದಕ್ಕೂ ‘ಸರಿ.’ ಎಂದು ಚುಕ್ಕಿ ಇಟ್ಟು ಕಳಿಸಿದ್ದಕ್ಕೂ ಇರುವ ವ್ಯತ್ಯಾಸದ ಬಗ್ಗೆ ಹಾಸ್ಟೆಲ್ ರೂಮಿನಲ್ಲಿ ಅರ್ಧ ರಾತ್ರಿ ಚರ್ಚೆ ಮಾಡುವವರು ನಾವು. ಆದರೆ ಪಠ್ಯಪುಸ್ತಕ ತೆರೆದ ಕೂಡಲೇ ಅದೇ ಕಿವಿ ಮುಚ್ಚಿಕೊಳ್ಳುತ್ತದೆ. ಎಂ.ಎ. ಓದುತ್ತಾ ಸಂಜೆ ಹೊತ್ತು ಪಿಯುಸಿಯವರಿಗೆ ಕನ್ನಡ ಪಾಠ ಹೇಳುವ ನಾನು ಇದನ್ನು ವಾರಕ್ಕೆರಡು ಸಲವಾದರೂ ನೋಡುತ್ತೇನೆ. ‘ಈ ಪದ್ಯದಲ್ಲಿ ಕವಿ ಏನು ಹೇಳುತ್ತಾರೆ?’ ಎಂದರೆ ಐದು ಅಂಶಗಳು ಪಟಪಟನೆ ಬರುತ್ತವೆ. ‘ಯಾವ ಧಾಟಿಯಲ್ಲಿ ಹೇಳುತ್ತಾರೆ?’ ಎಂದರೆ ಕೋಣೆಯೇ ಸ್ತಬ್ಧ.

ತಪ್ಪು ಮಕ್ಕಳದ್ದಲ್ಲ. ವಿಚಿತ್ರ ಏನೆಂದರೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಧಾಟಿಯನ್ನೇ ಕೇಳುವ ಒಂದು ಪ್ರಶ್ನೆ ಮೊದಲಿನಿಂದಲೂ ಇದೆ: ‘ಸಂದರ್ಭ ಸೂಚಿಸಿ, ಸ್ವಾರಸ್ಯ ವಿವರಿಸಿ’. ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು, ಅದರಲ್ಲಿ ರುಚಿ ಎಲ್ಲಿದೆ ಎಂದು ಕೇಳುವ ಪ್ರಶ್ನೆ ಅದು. ಇದಕ್ಕಿಂತ ಒಳ್ಳೆಯ ಸಾಹಿತ್ಯದ ಪ್ರಶ್ನೆ ಇನ್ನೊಂದಿಲ್ಲ. ಆದರೆ ನಾವು ಅದಕ್ಕೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಉಪಶೀರ್ಷಿಕೆ ಹಾಕಿ, ಮೊದಲ ಎರಡನ್ನು ಗೈಡಿನಿಂದ ಬಾಯಿಪಾಠ ಮಾಡಿ, ಮೂರನೆಯದರ ಕೆಳಗೆ ‘ಕವಿಯ ಭಾವನೆ ಇಲ್ಲಿ ಬಹಳ ಸ್ವಾರಸ್ಯಕರವಾಗಿ ಮೂಡಿಬಂದಿದೆ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಸ್ವಾರಸ್ಯ ಏನು ಎಂದು ಕೇಳಿದರೆ ಸ್ವಾರಸ್ಯವಾಗಿದೆ ಎಂದು ಉತ್ತರ!

ಧಾಟಿಯ ಜೊತೆಗೆ ಇನ್ನೊಂದನ್ನೂ ಬೇರೆಯಾಗಿ ಗುರುತಿಸಬೇಕು. ಧಾಟಿ ಮಾತಾಡುವವರದು. ಅದನ್ನು ಓದಿದ ಮೇಲೆ ನಮ್ಮೊಳಗೆ ಹರಡಿಕೊಳ್ಳುತ್ತದಲ್ಲ, ಆ ಭಾವ ನಮ್ಮದು. ಇಂಗ್ಲಿಷಿನಲ್ಲಿ ‘ಮೂಡ್’ ಎನ್ನುವುದು ಅದನ್ನು. ಎಷ್ಟೋ ಸಲ ಎರಡೂ ಒಂದೇ ಇರುತ್ತವೆ. ಅಳುತ್ತಾ ಹೇಳಿದ ಕಥೆ ಕೇಳಿ ನಮಗೂ ಅಳು ಬರುತ್ತದೆ. ಆದರೆ ಎರಡೂ ಬೇರೆ ಬೇರೆ ದಾರಿ ಹಿಡಿದಾಗ ಓದುವ ಖುಷಿಯೇ ಬೇರೆ.

2013ರಲ್ಲಿ ಬಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆದುಕೊಳ್ಳಿ. ಕಾಫಿ ಹೌಸಿನಲ್ಲಿ ಕುಳಿತ ಒಬ್ಬ ಯುವಕ ತನ್ನ ಮನೆಯ ಕಥೆ ಹೇಳುತ್ತಾನೆ. ಸಾರಾಂಶ ಬರೆಯಿರಿ ಎಂದರೆ ‘ಕಷ್ಟದಲ್ಲಿದ್ದ ಕುಟುಂಬಕ್ಕೆ ಹಣ ಬಂದು ಅದು ಕೆಟ್ಟ ಕಥೆ’ ಎಂದು ಒಂದು ಸಾಲಿನಲ್ಲಿ ಮುಗಿಸಬಹುದು. ಆದರೆ ಆತ ಎಲ್ಲೂ ದನಿ ಎತ್ತುವುದಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಮನೆಯವರು ಬೈದು ಅಟ್ಟುವುದನ್ನೂ ಮನೆಯಲ್ಲಿ ಇರುವೆ ಕಾಟ ಹೆಚ್ಚಾದದ್ದನ್ನೂ ಹೆಚ್ಚುಕಡಿಮೆ ಒಂದೇ ಹದದಲ್ಲಿ ಹೇಳುತ್ತಾನೆ. ಧಾಟಿ ಸೌಮ್ಯ, ಸಭ್ಯ. ಓದುವ ನಮಗೆ ಮಾತ್ರ ಪುಟದಿಂದ ಪುಟಕ್ಕೆ ಎದೆಯಲ್ಲಿ ಏನೋ ಬಿಗಿಯುತ್ತಾ ಹೋಗುತ್ತದೆ. ‘ಇಷ್ಟೆಲ್ಲ ಕಂಡೂ ಇವನು ಇಷ್ಟು ಮೆತ್ತಗೆ ಹೇಗೆ ಮಾತಾಡುತ್ತಿದ್ದಾನೆ?’ ಎಂಬ ಪ್ರಶ್ನೆ ಹುಟ್ಟಿದ ಕ್ಷಣ ಕಾದಂಬರಿ ನಿಜವಾಗಿ ಶುರುವಾಗುತ್ತದೆ. ಆ ಪ್ರಶ್ನೆ ಹುಟ್ಟದವರ ಕೈಗೆ ಸಾರಾಂಶ ಮಾತ್ರ ಸಿಗುತ್ತದೆ.

ತೇಜಸ್ವಿಯವರ ‘ಕರ್ವಾಲೊ’ (1980) ಇದಕ್ಕೆ ಇನ್ನೊಂದು ತುದಿ. ಹೇಳುವವನು ಸೋತ ಬೇಸಾಯವನ್ನು, ಮಂದಣ್ಣನ ಪಡಿಪಾಟಲನ್ನು ನಗುನಗುತ್ತಾ, ಟೀ ಅಂಗಡಿಯಲ್ಲಿ ಹರಟಿದಂತೆ ಹೇಳುತ್ತಾನೆ. ಹಾರುವ ಓತಿ ಕಣಿವೆಯತ್ತ ತೇಲಿ ಮರೆಯಾಗುವ ಹೊತ್ತಿಗೆ ಆ ನಗು ಎಲ್ಲಿ ಹೋಯಿತೆಂದೇ ಗೊತ್ತಾಗದೆ ನಾವು ಬೆರಗಿನಲ್ಲಿ ನಿಂತಿರುತ್ತೇವೆ.

ಧಾಟಿ ಕೇಳಿಸದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ’ಕ್ಕಿಂತ ದೊಡ್ಡ ಉದಾಹರಣೆ ಬೇಡ. ಅದನ್ನು ಪ್ರೇಮಗೀತೆ ಎಂದು ತಿಳಿದವರು ಬಹಳ. ಮದುವೆಯ ಆರತಕ್ಷತೆಯೊಂದರಲ್ಲಿ ವಧೂವರರ ಎದುರು ಅದನ್ನು ಹಾಡಿದ್ದನ್ನು ನಾನೇ ಕೇಳಿದ್ದೇನೆ. ಅದು ಮಗುವನ್ನು ಕಳೆದುಕೊಂಡ ದುಃಖದಲ್ಲಿ ಹುಟ್ಟಿದ ಕವಿತೆ. ಎದುರು ಕುಳಿತ ಹೆಂಡತಿಯ ನೋಟವನ್ನು ತಾಳಲಾರದ ಗಂಡನ ಮಾತು. ರಾಗ ಇಂಪಾಗಿದೆ, ಹೆಂಡತಿಯನ್ನು ಕುರಿತ ಮಾತಿದೆ, ಹಾಗಾಗಿ ಒಲವಿನ ಹಾಡು ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಒಂದು ಸಲ ಪದಗಳನ್ನು ನಿಧಾನವಾಗಿ ಓದಿದವರು ಅದನ್ನು ಆರತಕ್ಷತೆಯಲ್ಲಿ ಹಾಡಲಾರರು.

ಮೌನವಾಗಿ ಓದುವ ಅಭ್ಯಾಸ ಬರುವ ಮೊದಲು ಈ ತೊಂದರೆ ಇಷ್ಟಿರಲಿಲ್ಲ. ಕುಮಾರವ್ಯಾಸ ತನ್ನ ಭಾರತವನ್ನು ಭಾಮಿನಿ ಷಟ್ಪದಿಯಲ್ಲೇ ಬರೆದ. ಯುದ್ಧಕ್ಕೂ ಅದೇ, ಗೋಳಿಗೂ ಅದೇ, ಗೇಲಿಗೂ ಅದೇ. ಛಂದಸ್ಸು ಬದಲಾಗದಿದ್ದರೂ ಕೇಳುವವರಿಗೆ ಭಾವ ಬದಲಾದದ್ದು ತಿಳಿಯುತ್ತಿತ್ತು. ಏಕೆಂದರೆ ಗಮಕಿಗಳು ಭಾವಕ್ಕೆ ತಕ್ಕ ರಾಗ ಹಿಡಿದು ವಾಚನ ಮಾಡುತ್ತಿದ್ದರು. ಶಿವಮೊಗ್ಗ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ಬಾಯಿ ತೆರೆಯುವ ಮೊದಲು ಗಮಕಿ ಒಂದು ವಿಷಯವನ್ನು ನಿರ್ಧರಿಸಲೇಬೇಕು: ಈ ಮಾತಾಡುವವನು ಈಗ ಯಾವ ಮನಸ್ಸಿನಲ್ಲಿದ್ದಾನೆ? ಆ ಕೆಲಸವನ್ನು ಈಗ ನಮ್ಮ ಪರವಾಗಿ ಯಾರೂ ಮಾಡಿಕೊಡುವುದಿಲ್ಲ. ಪುಸ್ತಕ ಹಿಡಿದ ಪ್ರತಿಯೊಬ್ಬರೂ ತಮಗೆ ತಾವೇ ಗಮಕಿ ಆಗಬೇಕು.

ಇದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ಪದ ಬದಲಿಸಿ ನೋಡಿದರೆ ಅರ್ಧ ಕೆಲಸ ಆಯಿತು. ‘ದೈವಾಧೀನರಾದರು’, ‘ತೀರಿಕೊಂಡರು’, ‘ಹೋಗಿಬಿಟ್ಟ’, ‘ಸತ್ತ’, ‘ಗೊಟಕ್ ಅಂದ’. ಸುದ್ದಿ ಒಂದೇ, ಹೇಳುವವನು ಸತ್ತವನಿಂದ ಎಷ್ಟು ದೂರದಲ್ಲಿ ನಿಂತಿದ್ದಾನೆ ಎಂಬುದು ಮಾತ್ರ ಬೇರೆ. ಲೇಖಕರು ಇವುಗಳಲ್ಲಿ ಒಂದನ್ನು ಆರಿಸಿ ಉಳಿದದ್ದನ್ನು ಬಿಟ್ಟಿದ್ದಾರೆಂದರೆ ಅಲ್ಲಿ ಕಾರಣ ಇರುತ್ತದೆ. ಪದಗಳ ಬಾಲವನ್ನೂ ನೋಡಬೇಕು. ‘ಅವನಿಗೆ ಕೆಲಸ ಸಿಕ್ಕಿದೆ’ ಎಂಬುದು ಸುದ್ದಿ. ‘ಸಿಕ್ಕಿದೆಯಂತೆ’ ಎಂದರೆ ಹೇಳುವವನಿಗೆ ಪೂರ್ತಿ ನಂಬಿಕೆಯಿಲ್ಲ. ‘ಅವನಿಗೂ ಕೆಲಸ ಸಿಕ್ಕಿತು’ ಎಂದಾಗ ಆ ಒಂದು ‘ಊ’ದೊಳಗೆ ಏನೇನೋ ಇದೆ. ಅಮ್ಮ ಹೇಳಿದರೆ ಅದು ನಿಟ್ಟುಸಿರು, ಪಕ್ಕದ ಮನೆಯವರು ಹೇಳಿದರೆ ಹೊಟ್ಟೆಉರಿ. ಯಾವುದು ಎಂದು ತೀರ್ಮಾನಿಸಲು ಯಾರು, ಯಾರಿಗೆ, ಯಾವಾಗ ಎಂದು ಕೇಳಲೇಬೇಕು. ಅಂದರೆ ಮತ್ತೆ ಅದೇ ಸಂದರ್ಭ, ಅದೇ ಸ್ವಾರಸ್ಯ. ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ಗದ್ಯಭಾಗದ ಕೆಳಗೆ ‘ಲೇಖಕರ ಟೋನ್ ಯಾವುದು?’ ಎಂದು ಕೇಳಿದಾಗಲೂ ದಾರಿ ಇದೇ. ಟೋನ್‌ಗಳ ಪಟ್ಟಿ ಉರು ಹೊಡೆದವರು ನಾಲ್ಕು ಆಯ್ಕೆಗಳ ನಡುವೆ ತಡಕಾಡುತ್ತಾರೆ.

‘ಕೆಲಸ ಹುಡುಕುವವರಿಗೆ ಈ ಕಥೆ ಕವಿತೆಯ ಧಾಟಿ ಕಟ್ಟಿಕೊಂಡು ಏನಾಗಬೇಕು?’ ಎಂದು ಕೆಲವರು ಕೇಳಬಹುದು. ನನ್ನ ಉತ್ತರ: ಧಾಟಿ ಕಲಿಯದವರು ತಮ್ಮದೇ ಹಕ್ಕನ್ನು ಭಿಕ್ಷೆಯಂತೆ ಕೇಳುತ್ತಾರೆ.

ನನ್ನ ಬಳಿ ಪಾಠಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳು ಪದವಿಗೆ ಸೇರಿದ ಮೇಲೆ ಅವಳ ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ಖಾತೆಗೆ ಬರಲಿಲ್ಲ. ಕಾಲೇಜಿನ ಕಚೇರಿಗೆ ಕೊಡಲು ಪತ್ರ ಬರೆದು ತಂದಿದ್ದಳು. ‘ದಯಾಳುಗಳಾದ ತಾವು ಬಡ ವಿದ್ಯಾರ್ಥಿನಿಯಾದ ನನ್ನ ಮೇಲೆ ಕೃಪೆ ತೋರಿ...’ ಎಂದು ಶುರುವಾಗಿ, ‘ಕಳಕಳಿಯಿಂದ ಬೇಡಿಕೊಳ್ಳುತ್ತೇನೆ’ ಎಂದು ಮುಗಿದಿತ್ತು. ಯಾವ ದಿನ ಅರ್ಜಿ ಹಾಕಿದ್ದು, ಅದು ಮಂಜೂರಾಗಿದೆಯೋ ಇಲ್ಲವೋ ಎಂಬುದೇ ಅದರಲ್ಲಿ ಇರಲಿಲ್ಲ. ಇಬ್ಬರೂ ಕುಳಿತು ಹೊಸದಾಗಿ ಬರೆದೆವು. ಅರ್ಜಿ ಸಲ್ಲಿಸಿದ ದಿನಾಂಕ, ಅರ್ಜಿ ಸಂಖ್ಯೆ, ಮಂಜೂರಾಗಿದೆ ಎಂದು ಪೋರ್ಟಲ್ ತೋರಿಸುತ್ತಿದೆ ಎಂಬ ಒಂದು ಸಾಲು, ‘ಹಣ ಈವರೆಗೆ ಖಾತೆಗೆ ಜಮೆಯಾಗಿಲ್ಲ. ಅದು ಯಾವ ಹಂತದಲ್ಲಿದೆ ಎಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ’ ಎಂಬ ಕೊನೆ. ಓದಿ ನೋಡಿ ಅವಳು ಹೆದರಿದಳು. ‘ಅಕ್ಕಾ, ಹೀಗೆ ಬರೆದ್ರೆ ಸೊಕ್ಕು ಅನ್ಕೊಳ್ಳಲ್ವಾ?’

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಹೊಸ ಪತ್ರದಲ್ಲಿ ಒಂದೇ ಒಂದು ಒರಟು ಪದ ಇರಲಿಲ್ಲ. ‘ಮಾನ್ಯರೇ’ ಇತ್ತು, ‘ಕೋರುತ್ತೇನೆ’ ಇತ್ತು. ಆದರೂ ಅವಳಿಗೆ ಅದು ಸೊಕ್ಕಾಗಿ ಕೇಳಿಸಿತು. ಏಕೆಂದರೆ ಶಾಲೆಯ ರಜಾ ಅರ್ಜಿಯಿಂದ ಹಿಡಿದು ಇಲ್ಲಿಯವರೆಗೆ ಅವಳಿಗೆ ಬರೆಯಲು ಕಲಿಸಿದ್ದು ಒಂದೇ ಧಾಟಿ, ಬೇಡುವ ಧಾಟಿ. ಬೇಡುವುದಕ್ಕೂ ಜಗಳಕ್ಕೂ ನಡುವೆ ನೇರವಾಗಿ, ಗೌರವದಿಂದ ಕೇಳುವ ಒಂದು ಧಾಟಿ ಇದೆ ಎಂದು ಯಾರೂ ತೋರಿಸಿರಲಿಲ್ಲ. ಅವಳು ಪತ್ರ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದಳು. ಹಣ ಬರಲು ಮತ್ತೆರಡು ತಿಂಗಳು ಹಿಡಿಯಿತು. ಪತ್ರದಿಂದಲೇ ಬಂತು ಎಂದು ನಾನು ಹೇಳಲಾರೆ. ಆದರೆ ಎರಡನೇ ಸಲ ವಿಚಾರಿಸಲು ಹೋದಾಗ ಅವಳು ಯಾರನ್ನೂ ಜೊತೆಗೆ ಕರೆದುಕೊಂಡು ಹೋಗಲಿಲ್ಲ.

ಬರೆಯುವಾಗ ಹೇಗೋ, ಓದುವಾಗಲೂ ಹಾಗೆಯೇ. ‘ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ, ಇಂದು ಸಂಜೆ ಐದರೊಳಗೆ ನೋಂದಣಿ ಶುಲ್ಕ ಕಟ್ಟದಿದ್ದರೆ ಅವಕಾಶ ಕೈತಪ್ಪಲಿದೆ’ ಎಂಬ ಸಂದೇಶ ನಮ್ಮಲ್ಲಿ ಬಹಳ ಮಂದಿಯ ಮೊಬೈಲಿಗೆ ಬಂದಿರುತ್ತದೆ. ಸಂಸ್ಥೆಯ ಹೆಸರು, ಲೋಗೊ, ಸಹಿ ಎಲ್ಲವನ್ನೂ ನಕಲು ಮಾಡಬಹುದು. ಧಾಟಿಯನ್ನು ಮುಚ್ಚಿಡುವುದು ಕಷ್ಟ. ಒಂದೇ ಉಸಿರಿನಲ್ಲಿ ಹೊಗಳಿಕೆ, ಅವಸರ, ಬೆದರಿಕೆ ಮೂರೂ ಇವೆ. ಸಂಬಳ ಕೊಟ್ಟು ಕೆಲಸಕ್ಕೆ ಕರೆಯುವವರು ನಮ್ಮನ್ನು ಇಷ್ಟು ಪುಸಲಾಯಿಸುವುದೇಕೆ ಎಂದು ಕೇಳಿಕೊಂಡರೆ ಸಾಕು, ಶುಲ್ಕ ಉಳಿಯುತ್ತದೆ.

ಮೌಲ್ಯಮಾಪಕರ ಕಷ್ಟ ನನಗೆ ಗೊತ್ತಿದೆ. ರಾಶಿ ರಾಶಿ ಉತ್ತರಪತ್ರಿಕೆ ನೋಡುವವರಿಗೆ ಎಲ್ಲರ ಉತ್ತರವೂ ಒಂದೇ ಥರ ಇದ್ದರೆ ಅನುಕೂಲ. ಧಾಟಿಯ ಬಗ್ಗೆ ಇಬ್ಬರು ಎರಡು ರೀತಿ ಹೇಳಬಹುದು, ಯಾರಿಗೆ ಅಂಕ ಕೊಡುವುದು? ಇಬ್ಬರಿಗೂ ಕೊಡಲಿ. ಒಂದೇ ಷರತ್ತು ಇರಲಿ: ‘ಈ ಪದದಿಂದಾಗಿ ನನಗೆ ಇದು ವ್ಯಂಗ್ಯ ಅನ್ನಿಸಿತು’ ಎಂದು ಪದವನ್ನು ಬೊಟ್ಟು ಮಾಡಿ ತೋರಿಸಬೇಕು. ಸ್ವಾರಸ್ಯದ ಆ ಒಂದು ಅಂಕವನ್ನು ಇಷ್ಟಕ್ಕೆ ಮೀಸಲಿಟ್ಟರೆ ಗೈಡು ಅಲ್ಲಿಗೆ ಕೈಚೆಲ್ಲುತ್ತದೆ, ಓದು ಶುರುವಾಗುತ್ತದೆ.

ಪರೀಕ್ಷೆ ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ನಿಮಗಿಷ್ಟವಾದ ಕಥೆಯ ಒಂದು ಪುಟವನ್ನು ಇವತ್ತು ರಾತ್ರಿ ರೂಮ್‌ಮೇಟ್‌ಗೆ ಗಟ್ಟಿಯಾಗಿ ಓದಿ ಹೇಳಿ. ಮುಗಿದ ಮೇಲೆ ಕಥೆ ಏನು ಎಂದು ಕೇಳಬೇಡಿ. ಹೇಳುತ್ತಿರುವವನು ಸಿಟ್ಟಾಗಿದ್ದಾನಾ, ನೊಂದಿದ್ದಾನಾ, ಆಡಿಕೊಳ್ಳುತ್ತಿದ್ದಾನಾ ಎಂದು ಕೇಳಿ. ಇಬ್ಬರ ಉತ್ತರ ಬೇರೆಯಾದರೆ ಆ ಪುಟಕ್ಕೆ ಮರಳಿ ಹೋಗಿ ಯಾವ ಪದದಿಂದ ಹಾಗನ್ನಿಸಿತು ಎಂದು ಹುಡುಕಿ. ನಾಳೆ ಅರ್ಜಿ ಬರೆಯಲು ಕುಳಿತಾಗ ನಿಮ್ಮ ಪದಗಳೂ ನಿಮಗೆ ಹಾಗೆಯೇ ಕೇಳಿಸತೊಡಗುತ್ತವೆ.